ಹೆಪ್ಪಾಗದ ಬೇಸಿಗೆ

ಮೊಸರಿಗೆ ಹೆಪ್ಪು ಹಾಕುವುದರಲ್ಲಿ ಏನು ಮಹಾ ಇದೆ ಎಂದು ಕೇಳುವವರು ಒಂದು ಪಾತ್ರೆಯಲ್ಲಿ ಹಾಕಿ ನೋಡಿದವರು. ಆರುನೂರು ಜನ ಉಣ್ಣುವ ಮದುವೆಗೆ ಹಾಕಿ ನೋಡಲಿ, ಆಮೇಲೆ ಮಾತಾಡೋಣ. ಹಾಲು ಕೊಂಚ ಬಿಸಿ ಹೆಚ್ಚಿದ್ದರೆ ಹೆಪ್ಪು ಸತ್ತುಹೋಗಿ ಬೆಳಿಗ್ಗೆ ಡಬರಿಯಲ್ಲಿ ನೀರೇ ಬೇರೆ, ಗಸಿಯೇ ಬೇರೆ. ಕೊಂಚ ಹೆಚ್ಚು ಆರಿದ್ದರೆ ಹಾಲು ಹಾಲಾಗಿಯೇ ನಿಮ್ಮ ಮುಖ ನೋಡುತ್ತಾ ಕೂತಿರುತ್ತದೆ. ಎರಡರ ನಡುವಿನ ಹದ ಹಿಡಿಯುವುದಕ್ಕೆ ಶಿವಮೊಗ್ಗ, ಭದ್ರಾವತಿ ಎರಡೂ ಕಡೆಯ ಮದುವೆ ಮನೆಯವರು ಶಿವಮೊಗ್ಗದ ಹೊಸಮನೆ ಬಡಾವಣೆಯ ಕಾಶಮ್ಮನನ್ನೇ ಕರೆಸುತ್ತಿದ್ದರು. ಅಡುಗೆ ಮಲ್ಲೇಶನ ಪಟಾಲಂನಲ್ಲಿ ಅನ್ನಕ್ಕೊಬ್ಬ, ಸಾರಿಗೊಬ್ಬ, ಹೋಳಿಗೆಗೆ ಮೂವರು ಇದ್ದರೂ ಮೊಸರಿಗೆ ಮಾತ್ರ ಕಾಶಮ್ಮನೇ ಆಗಬೇಕು.

ಅವಳ ಅಳತೆ ಇದ್ದದ್ದು ಬಲಗೈಯ ಕಿರುಬೆರಳಿನಲ್ಲಿ. ಕಾಯಿಸಿ ಇಳಿಸಿದ ಹಾಲಿಗೆ ಬೆರಳದ್ದಿ ಮನಸ್ಸಿನಲ್ಲೇ 'ಓಂ ನಮಃ ಶಿವಾಯ' ಎನ್ನುವಳು. ಚಳಿಗಾಲದಲ್ಲಿ ಮೂರು ಸಲ ಹೇಳುವಷ್ಟರಲ್ಲಿ ಬೆರಳು ಸಾಕು ಎನ್ನಬೇಕು. ಮಳೆಗಾಲದಲ್ಲಿ ಐದು. ಬೇಸಿಗೆಯಲ್ಲಿ ಹಾಲು ಚೆನ್ನಾಗಿ ಆರಿರಬೇಕಾದ್ದರಿಂದ ಏಳು. ಈ ಮೂರು, ಐದು, ಏಳನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಮೂವತ್ತು ವರ್ಷ ಹಾಲಿನ ಮುಂದೆ ಕೂತು ತಾನಾಗಿ ಬಂದದ್ದು. ಬೆಳಗಿನ ಲಿಂಗಪೂಜೆಯಲ್ಲೂ ಇಷ್ಟು ಏಕಚಿತ್ತದಿಂದ ಮಂತ್ರ ಹೇಳುವುದಿಲ್ಲ ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವಳು.

ಈ ವರ್ಷ ಎಲ್ಲ ಎಡವಟ್ಟಾಯಿತು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಬೇಕು ಎನ್ನುತ್ತಾರೆ. ಈ ಸಲ ಅದು ಸಂಕ್ರಾಂತಿಯ ಎಳ್ಳುಬೆಲ್ಲದ ಡಬ್ಬಿ ಖಾಲಿಯಾಗುವ ಮೊದಲೇ ಹೇಳದೆ ಕೇಳದೆ ಹೊರಟುಹೋಯಿತು. ಶಿವರಾತ್ರಿ ಜಾಗರಣೆಗೆ ಕೂತವರು ಬೀಸಣಿಗೆ ಹುಡುಕಿದರು. ಸರಿ, ಬೇಸಿಗೆ ಬೇಗ ಬಂತು ಎಂದು ಜನ ಒಪ್ಪಿಕೊಳ್ಳುವಷ್ಟರಲ್ಲಿ ಯುಗಾದಿಗೆ ಮೂರು ದಿನ ಇರುವಾಗ ಆಲಿಕಲ್ಲು ಸುರಿಯಿತು. ಹೊಸಮನೆಯ ಬೇವಿನ ಮರಗಳ ಹೂವೆಲ್ಲ ಉದುರಿ, ಈ ವರ್ಷದ ಬೇವುಬೆಲ್ಲಕ್ಕೆ ಬರೀ ಎಲೆಯೇ ಗತಿಯಾಯಿತು. ಮಾರನೆಯ ದಿನವೇ ಮತ್ತೆ ರಸ್ತೆಯ ಟಾರು ಚಪ್ಪಲಿಗೆ ಅಂಟುವ ಬಿಸಿಲು. ಕಾಶಮ್ಮನ ಸೊಸೆ ಸ್ಫೂರ್ತಿ ಕೂಲರ್ ತರಿಸಿದಳು. ಕೂಲರ್ ಬಂದ ಸಂಜೆಯೇ ಗಾಳಿಮಳೆಯಾಗಿ ಅದಕ್ಕೊಂದು ಹಳೆಯ ಬೆಡ್‌ಶೀಟ್ ಹೊದಿಸಿ ಮೂಲೆಗೆ ತಳ್ಳಿದ್ದಾಯಿತು. ಮಗ ಪ್ರಸನ್ನಕುಮಾರ ಸೆಖೆಗೆ ಚಾಪೆ ತಗೊಂಡು ಟೆರೇಸು ಹತ್ತಿ, ಚಳಿಗೆ ಕೆಳಗಿಳಿದು, ಕಡೆಗೆ ಮೆಟ್ಟಿಲಿನ ತಿರುವಿನಲ್ಲೇ ಮಲಗುವುದನ್ನು ರೂಢಿ ಮಾಡಿಕೊಂಡ.

ಮೊದಲ ಸಲ ಮೊಸರು ಕೆಟ್ಟದ್ದು ಆಲಿಕಲ್ಲು ಬಿದ್ದ ಮಾರನೆಯ ದಿನ, ರವೀಂದ್ರನಗರದ ಒಂದು ಗೃಹಪ್ರವೇಶದಲ್ಲಿ. ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆ ಹಳದಿ ನೀರು, ಕೆಳಗೆ ರವೆ ರವೆ. ಕಾಶಮ್ಮ ಮುಚ್ಚಳವನ್ನು ಮತ್ತೆ ಮುಚ್ಚಿದಳು. ಆದರೆ ಮನೆಯ ಯಜಮಾನಿಯೇ ಅವಳನ್ನು ಸಮಾಧಾನ ಮಾಡಿದಳು. "ನಿನ್ನೆ ಆಲಿಕಲ್ಲು ಬಿದ್ದಿದೆ, ಇವತ್ತು ನೋಡಿದ್ರೆ ಬೆಂಕಿ. ಮನುಷ್ಯರೇ ನೆಟ್ಟಗಿಲ್ಲ, ಮೊಸರೇನು ಮಾಡ್ತದೆ ಬಿಡಿ."

ಆ ಮಾತು ಕಾಶಮ್ಮನಿಗೆ ಹಿತವಾಯಿತು. ಅದೇ ತಪ್ಪಾದದ್ದು. ಆಮೇಲಿನ ವಾರ ಭದ್ರಾವತಿಯ ನಾಮಕರಣಕ್ಕೆ ಹಾಕಿದ ಮೊಸರು ಚಾಕುವಿನಲ್ಲಿ ಕುಯ್ಯುವಷ್ಟು ಗಟ್ಟಿಯಾಗಿ ಬಂತು. ಅದಾದ ಮೂರು ದಿನಕ್ಕೆ ಶಿವಮೊಗ್ಗದ ಕೋಟೆಯಲ್ಲೊಂದು ಸೀಮಂತ, ಮತ್ತೆ ನೀರು. ಅಲ್ಲಿ ಸರಿ, ಇಲ್ಲಿ ತಪ್ಪು, ಮತ್ತೆ ಅಲ್ಲಿ ತಪ್ಪು. ಹದಿನೆಂಟು ಕಿಲೋಮೀಟರಿನ ಅಂತರದಲ್ಲಿ ಎರಡು ಊರಿಗೆ ಎರಡು ಹವೆ ಇದೆಯೋ, ತನಗೇ ಏನೋ ಆಗಿದೆಯೋ ಅವಳಿಗೆ ತಿಳಿಯದಾಯಿತು. ಒಣಮೆಣಸಿನಕಾಯಿಯ ತೊಟ್ಟು ಹಾಕಿ ನೋಡಿದಳು. ಡಬರಿಗೆ ಕಂಬಳಿ ಸುತ್ತಿದಳು. ಕಂಬಳಿ ತೆಗೆದು ನೀರಿನ ತೊಟ್ಟಿಯಲ್ಲಿ ಇಳಿಸಿದಳು. ಪಕ್ಕದ ಮನೆಯ ಹೆಪ್ಪು ತಂದಳು. ಯಾವುದೂ ಎರಡು ಸಲ ಒಂದೇ ಥರ ನಡೆಯಲಿಲ್ಲ.

ಹಾಗಿರುವಾಗ ಅನುಮಾನ ಪಡಲು ಉಳಿದದ್ದು ಹಾಲು. ಹಾಲು ತರುತ್ತಿದ್ದವಳು ಹುಚ್ಚಮ್ಮ. ಹೊಸಮನೆಯ ಅಂಚಿನಲ್ಲಿ ಅವಳೂ ಅವಳ ಗಂಡ ಓಬಯ್ಯನೂ ನಾಲ್ಕು ಎಮ್ಮೆ ಕಟ್ಟಿಕೊಂಡಿದ್ದರು. ಹನ್ನೊಂದು ವರ್ಷದಿಂದ ಕಾಶಮ್ಮನ ಮನೆಗೂ, ಹತ್ತಿರದ ಸಣ್ಣಪುಟ್ಟ ಕಾರ್ಯಗಳಿಗೂ ಅವರದೇ ಹಾಲು. ಒಂದು ಬೆಳಿಗ್ಗೆ ಹುಚ್ಚಮ್ಮ ಕ್ಯಾನು ಇಳಿಸುತ್ತಿರುವಾಗ ಕಾಶಮ್ಮ ಕೇಳಿಯೇಬಿಟ್ಟಳು.

"ಹುಚ್ಚಮ್ಮ, ಹಾಲು ಯಾಕೋ ಮೊದಲಿನ ಹಾಗಿಲ್ಲ ಮಾರಾಯ್ತಿ."

"ಬಿಸಿಲು ನೋಡಿ ಕಾಶಮ್ಮಾರೆ. ಎಮ್ಮೆ ನೀರು ಜಾಸ್ತಿ ಕುಡೀತವೆ. ಹಾಲು ಒಂಚೂರು ತೆಳ್ಳಗೆ ಬರ್ತದೆ."

"ಎಮ್ಮೆ ಕುಡಿದ ನೀರೋ, ನೀವು ಕುಡಿಸಿದ ನೀರೋ?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡರೆ ಏನು ಬಂತು? ಹುಚ್ಚಮ್ಮ ಅಳೆಯುವ ಲೋಟವನ್ನು ಕ್ಯಾನಿನೊಳಗೆ ಇಳಿಬಿಟ್ಟು, ಕ್ಯಾನು ಎತ್ತಿಕೊಂಡು ಹೊರಟವಳು ಮತ್ತೆ ಆ ಬೀದಿಗೆ ಬರಲಿಲ್ಲ. ಮನೆಗೆ ಪ್ಯಾಕೆಟ್ ಹಾಲು ಶುರುವಾಯಿತು.

ಪ್ಯಾಕೆಟ್ ಹಾಲಿನಲ್ಲೂ ಮೊಸರು ಒಮ್ಮೆ ಆಯಿತು, ಎರಡು ಸಲ ಕೆಟ್ಟಿತು. ಹಾಗಾದರೆ ಹುಚ್ಚಮ್ಮನ ಹಾಲಿನಲ್ಲಿ ತಪ್ಪಿರಲಿಲ್ಲವೇ? ಈ ಪ್ರಶ್ನೆ ಬಂದಾಗಲೆಲ್ಲ ಕಾಶಮ್ಮ ಎದ್ದು ಬೇರೇನೋ ಕೆಲಸ ಹಚ್ಚಿಕೊಳ್ಳುವಳು. ಕ್ಷಮೆ ಕೇಳುವುದು ಅವಳಿಗೆ ರೂಢಿಯಿರಲಿಲ್ಲ. ತಪ್ಪು ಮಾಡಿ ರೂಢಿಯಿದ್ದವರಿಗಷ್ಟೇ ಅದು ಸಲೀಸು.

ಅದರ ಹಿಂದೆಯೇ ಇನ್ನೊಂದು ಯೋಚನೆ ಇತ್ತು. ಅದನ್ನಂತೂ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಒಂದು ಮಧ್ಯಾಹ್ನ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬಂದವಳು ಎಡಗಾಲಿನ ಚಪ್ಪಲಿ ಎಲ್ಲೋ ಕಳಚಿ ಬಿದ್ದದ್ದನ್ನು ಬಾಗಿಲಿಗೆ ಬಂದ ಮೇಲೆ ನೋಡಿದ್ದಳು. ಬಿಸಿಲಿಗೆ ಕಾಲು ಜೋಮು ಹಿಡಿದಿದೆ ಎಂದುಕೊಂಡಳು. ಒಂಬತ್ತು ವರ್ಷದಿಂದ ಶುಗರ್ ಇತ್ತು. ಗುಳಿಗೆ ನುಂಗುತ್ತಿದ್ದಳು, ಹೋಳಿಗೆಯನ್ನೂ ನುಂಗುತ್ತಿದ್ದಳು. ಅಕಸ್ಮಾತ್ ಹವೆಯೂ ಅಲ್ಲ, ಹಾಲೂ ಅಲ್ಲ, ತನ್ನ ಕೈಯೇ ಆಗಿದ್ದರೆ? ಕೈ ಹೋದರೆ ಕಾಶಮ್ಮ ಯಾರು? ಮದುವೆ ಮನೆಗೆ ಹೋಗಿ ಎಲೆಯ ಮುಂದೆ ಕೂತು ಉಂಡು ಬರುವ ಇನ್ನೊಬ್ಬಳು ಮುದುಕಿ, ಅಷ್ಟೇ.

ಅಷ್ಟರಲ್ಲಿ ಭದ್ರಾವತಿಯಲ್ಲಿ ಅವಳ ತಂಗಿ ವೇದಾವತಿಯ ಮಗಳು ಸುಶ್ಮಿತಾಳ ಮದುವೆ ಬಂತು. ಬಸವ ಜಯಂತಿ ಆದ ಮೂರನೇ ದಿನ, ಆರುನೂರು ಎಲೆ. ಅಡುಗೆ ಮಲ್ಲೇಶನದೇ. ಅವನು ಹೊಸಮನೆಗೆ ಬಂದು ಜಗಲಿಯ ಮೇಲೆ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಲೋಟವನ್ನೇ ತಿರುಗಿಸುತ್ತಾ ಹೇಳಿದ.

"ಕಾಶಕ್ಕ, ತಪ್ಪು ತಿಳ್ಕೋಬೇಡಿ. ಈ ಸಲ ಮೊಸರು ರೆಡಿಮೇಡ್ ತರಿಸ್ಲಾ? ಬಕೆಟ್‌ನಲ್ಲೇ ಬರ್ತದೆ."

"ನನ್ನ ತಂಗಿ ಮಗಳ ಮದುವೆಗೆ ಬಕೆಟ್ ಮೊಸರಾ?"

"ನಿಮ್ಮ ತಂಗಿನೂ ಹಾಗೇ ಅಂದ್ರು, ಅಕ್ಕನ ಮೊಸರೇ ಬೇಕು ಅಂತ. ಆದ್ರೆ ಹವಾ ನೋಡಿದ್ರಲ್ಲ. ನಿಮ್ಮ ತಪ್ಪು ಅಂತ ನಾನು ಹೇಳ್ತಿಲ್ಲ. ಇದೊಂದು ಸಲ ನೋಡ್ತೀನಿ. ಕೆಟ್ರೆ ಮುಂದಿನ ಲಗ್ನಗಳಿಗೆಲ್ಲ ಬಕೆಟ್ಟೇ ಗತಿ, ಬೇಜಾರು ಮಾಡ್ಕೋಬಾರ್ದು."

ಬೇಜಾರು ಮಾಡಿಕೊಳ್ಳಬಾರದು ಎಂದು ಹೇಳುವವರು ಬೇಜಾರು ತಂದಿಟ್ಟೇ ಹೇಳುತ್ತಾರೆ. ಕಾಶಮ್ಮ ತಲೆಯಾಡಿಸಿದಳು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಬಸ್ಸು ಹತ್ತಿದರು. ಪ್ರಸನ್ನಕುಮಾರ ಮಗಳನ್ನು ಕರೆದುಕೊಂಡು ಬೆಳಿಗ್ಗೆ ಬರುವುದೆಂದು ಮಾತು. ಹೆಪ್ಪಿನ ಡಬ್ಬಿ ಕಾಶಮ್ಮನ ಮಡಿಲಲ್ಲಿತ್ತು. ಶಿವಮೊಗ್ಗದಲ್ಲಿ ಧೋ ಎಂದು ಮಳೆ. ಭರಣಿ ಮಳೆ ಹುಟ್ಟುವುದಕ್ಕೆ ಇನ್ನೂ ದಿನ ಇರುವಾಗ ಇದು ಯಾವ ಮಳೆ ಎಂದು ಬಸ್ಸಿನಲ್ಲಿ ಚರ್ಚೆಯಾಯಿತು. ಕಿಟಕಿಗಳನ್ನೆಲ್ಲ ಮುಚ್ಚಿ, ಹೆಂಗಸರು ಸೆರಗು ಹೊದ್ದು ಕೂತರು. ಮಾಚೇನಹಳ್ಳಿ ದಾಟಿದ್ದೇ ತಡ, ಗೆರೆ ಎಳೆದ ಹಾಗೆ ಮಳೆ ನಿಂತುಹೋಯಿತು. ರಸ್ತೆಯಲ್ಲಿ ಒಂದು ಹನಿಯಿಲ್ಲ, ಧೂಳು ಹಾರುತ್ತಿದೆ. ಮುಚ್ಚಿದ ಕಿಟಕಿಗಳನ್ನೆಲ್ಲ ದಡಬಡ ತೆಗೆದರು.

"ಅತ್ತೆ, ಇಲ್ಲಿ ಬೇಸಿಗೆ ಲೆಕ್ಕವಾ, ಮಳೆಗಾಲದ ಲೆಕ್ಕವಾ?" ಸ್ಫೂರ್ತಿ ನಗುತ್ತಾ ಕೇಳಿದಳು.

ಕಾಶಮ್ಮನಿಗೆ ನಗು ಬರಲಿಲ್ಲ. ಅವಳೂ ಅದನ್ನೇ ಯೋಚಿಸುತ್ತಿದ್ದಳು. ಐದೋ ಏಳೋ? ಬಿಸಿಲಿಗೆ ಏಳು ಎಂದು ಹಾಕಿ, ಶಿವಮೊಗ್ಗದ ಮಳೆ ಸಂಜೆಗೆ ಇಲ್ಲಿಗೂ ಬಂದರೆ? ಐದು ಎಂದು ಹಾಕಿ ಮಳೆ ಬರದಿದ್ದರೆ ಬೆಳಿಗ್ಗೆ ಹುಳಿ. ದೇವರ ನಾಮವನ್ನು ಇಷ್ಟು ಗೊಂದಲದಲ್ಲಿ ಯಾರೂ ಎಣಿಸಿರಲಾರರು.

ಕಲ್ಯಾಣ ಮಂಟಪದ ಅಡುಗೆಮನೆಯಲ್ಲಿ ಮಲ್ಲೇಶ ಹಾಲು ಕಾಯಿಸಿ ಆರು ಡಬರಿಗಳಿಗೆ ಹಂಚುತ್ತಿದ್ದ. ವೇದಾವತಿ ಬಳೆಗಾರ್ತಿಯ ಹತ್ತಿರದಿಂದ ಎದ್ದು ಬಂದು ಅಕ್ಕನ ಕೈ ಹಿಡಿದುಕೊಂಡು, "ನೀನು ಬಂದೆ ಅಂದ್ಮೇಲೆ ನಂಗೆ ಮೊಸರಿನ ಚಿಂತೆ ಇಲ್ಲ" ಎಂದಳು. ಆ ನಂಬಿಕೆ ಕಾಶಮ್ಮನಿಗೆ ಭಾರವಾಯಿತು. ಸಂಜೆ ಆರರ ಹೊತ್ತಿಗೆ ಅವಳು ಹೆದರಿದ್ದೇ ಆಯಿತು. ಉರಿಯುತ್ತಿದ್ದ ಊರಿನ ಮೇಲೆ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ತಿರುಗಿ, ಅಡುಗೆಮನೆಯ ಕಿಟಕಿಗಳು ಪಟಪಟ ಬಡಿದುಕೊಂಡವು. ಹೆಂಗಸರ ಮೈ ಜುಮ್ಮೆಂದಿತು.

ಐದೇ ಇರಲಿ ಎಂದು ನಿರ್ಧಾರ ಮಾಡಿ ಕಾಶಮ್ಮ ಮೊದಲ ಡಬರಿಯ ಮುಂದೆ ಕೂತಳು. ಕಿರುಬೆರಳು ಅದ್ದಿದಳು. ಒಂದು ಸಲ ಹೇಳಿದಳು, ಎರಡು, ಮೂರು, ಐದು. ಬೆರಳು ಏನೂ ಹೇಳಲಿಲ್ಲ. ಏಳು. ಇನ್ನೂ ಇಲ್ಲ. ಒಂಬತ್ತಕ್ಕೆ ಬಂದಾಗ ಅವಳಿಗೆ ಗಾಬರಿಯಾಯಿತು. ಈ ಹಾಳು ಗಾಳಿಗೆ ಹಾಲು ಪೂರ್ತಿ ಆರಿಹೋಗಿದೆ!

"ಮಲ್ಲೇಶ, ಒಲೆ ಹಚ್ಚು. ಹಾಲು ತಣ್ಣಗಾಗಿಬಿಟ್ಟಿದೆ. ಇನ್ನೊಂದು ಸಲ ಬಿಸಿ ಮಾಡ್ಬೇಕು."

ಮಲ್ಲೇಶ ಸೌಟು ಹಿಡಿದೇ ತಿರುಗಿದ. "ಏನಂತೀರಿ ಕಾಶಕ್ಕ? ಹೊಗೆ ಆಡ್ತಿದೆಯಲ್ಲ!"

ಹೌದು, ಹಾಲಿನಿಂದ ಆವಿ ಏಳುತ್ತಿತ್ತು. ಅವಳು ಅದನ್ನು ನೋಡಿಯೇ ಇದ್ದಳು. ಚಳಿಗಾಳಿಗೆ ಹಾಗೆ ಕಾಣುತ್ತದೆ ಎಂದು ಮನಸ್ಸು ಅದಕ್ಕೂ ಒಂದು ನೆವ ಹೇಳಿಕೊಂಡಿತ್ತು. ಸ್ಫೂರ್ತಿ ಡಬರಿಯ ಅಂಚು ಮುಟ್ಟಿದವಳು ಹಾ ಎಂದು ಕೈ ಕಿತ್ತುಕೊಂಡಳು. ಅತ್ತೆಯ ಬೆರಳು ಇನ್ನೂ ಹಾಲಿನಲ್ಲೇ ಇತ್ತು.

"ಅತ್ತೆ! ಕೈ ತೆಗೀರಿ! ಸುಡ್ತಿದೆ!"

ತೆಗೆದು ನೋಡಿದರೆ ಬೆರಳು ಎರಡು ಗೆಣ್ಣಿನವರೆಗೆ ಕೆಂಪಾಗಿ ಮಿರಮಿರ ಮಿಂಚುತ್ತಿತ್ತು. ಸ್ಫೂರ್ತಿ ಅವಳನ್ನು ನಲ್ಲಿಗೆ ಎಳೆದುಕೊಂಡು ಹೋಗಿ ನೀರು ಬಿಟ್ಟಳು. ನೀರು ಬೀಳುವುದು ಕಣ್ಣಿಗೆ ಕಾಣುತ್ತಿತ್ತು. ತಣ್ಣಗಿದೆಯೋ ಬೆಚ್ಚಗಿದೆಯೋ ಕಾಶಮ್ಮನಿಗೆ ಗೊತ್ತಾಗಲಿಲ್ಲ. ಎಡಗೈ ಒಡ್ಡಿದಳು, ಆ ಬೆರಳುಗಳ ತುದಿಯೂ ಮಂಕು. ನೋವಿದ್ದರೆ ಅಳಬಹುದಿತ್ತು. ನೋವೇ ಇಲ್ಲದ್ದಕ್ಕೆ ಕಣ್ಣಲ್ಲಿ ನೀರು ಬಂತು.

ಮಲ್ಲೇಶ ಹತ್ತಿರ ಬಂದ. ಒಳ್ಳೆಯ ಮನುಷ್ಯ, ಅವಳ ಮರ್ಯಾದೆ ಉಳಿಸುವ ಮಾತು ಅವನ ಬಾಯಲ್ಲಿ ಸಿದ್ಧವಾಗಿತ್ತು. "ಈ ಹವಾದಲ್ಲಿ ಯಾರಿಗೂ ಅಂದಾಜು ಸಿಗಲ್ಲ ಬಿಡಿ ಕಾಶಕ್ಕ. ಬೆಳಿಗ್ಗೆಯಿಂದ ನಂಗೇ ತಲೆ ಕೆಟ್ಟಿದೆ."

ಇಡೀ ಬೇಸಿಗೆ ಎಲ್ಲರೂ ಅವಳಿಗೆ ಕೊಟ್ಟದ್ದು ಇದನ್ನೇ. ಈಗಲೂ ಹೂಂ ಎಂದರೆ ಮುಗಿಯುತ್ತಿತ್ತು. ಕಾಶಮ್ಮ ನಲ್ಲಿ ನಿಲ್ಲಿಸಿದಳು.

"ಹವಾ ಅಲ್ಲ ಮಲ್ಲೇಶ. ನನ್ನ ಬೆರಳು. ಬಿಸಿ ಗೊತ್ತಾಗ್ತಿಲ್ಲ ನಂಗೆ. ಎಷ್ಟು ದಿನದಿಂದಲೋ ಏನೋ. ಇಷ್ಟು ದಿನ ಸುಡೋ ಹಾಲಿಗೇ ಹೆಪ್ಪು ಹಾಕಿದ್ದೀನಿ."

ಹೇಳಿ ಮುಗಿಸಿದ ಮೇಲೆ ಅವಳಿಗೆ ಒಂದು ಥರ ಹಗುರವೂ ಆಯಿತು, ನಾಚಿಕೆಯೂ ಆಯಿತು. ಆದರೆ ಆರು ಡಬರಿ ಹಾಲು ಮುಂದೆ ಇತ್ತು. ಅದಕ್ಕೆ ಯಾರ ನಾಚಿಕೆಯನ್ನೂ ಕಾಯುವ ವ್ಯವಧಾನವಿಲ್ಲ. ಅರ್ಧ ಗಂಟೆ ಬಿಟ್ಟು ಸ್ಫೂರ್ತಿಯ ಬೆರಳನ್ನು ಅದ್ದಿಸಿದಳು. ಅವಳು 'ಓಂ' ಎನ್ನುವ ಮೊದಲೇ ಹೊರಗೆಳೆದುಕೊಂಡಳು. ಮತ್ತೆ ಕಾದು ಅದ್ದಿಸಿದರೆ ಎರಡಕ್ಕೆ ಸಾಕು ಎಂದಳು. ಇನ್ನೂ ಕಾದರೆ ನಾಲ್ಕು. ಈ ಮೆತ್ತನೆಯ ಬೆರಳಿನ ನಾಲ್ಕು ತನ್ನ ಗಟ್ಟಿ ಬೆರಳಿನ ಎಷ್ಟು? ಮೂರು, ಐದು, ಏಳು ಎಂದು ಮೂವತ್ತು ವರ್ಷ ನಂಬಿದ್ದ ಲೆಕ್ಕ ಪ್ರಪಂಚದ್ದಲ್ಲ, ತನ್ನ ಒಂದು ಚರ್ಮದ್ದು ಎನ್ನುವುದು ಕಾಶಮ್ಮನಿಗೆ ಆಗ ಹೊಳೆಯಿತು.

"ಈಗ ಹೇಗಿದೆ?"

"ಬಿಸಿ ಇದೆ."

"ಎಂಥಾ ಬಿಸಿ?"

"ಬಿಸಿ ಅಂದ್ರೆ ಬಿಸಿ, ಅತ್ತೆ. ಹೇಗೆ ಹೇಳಲಿ?"

ಕಾಶಮ್ಮ ತಲೆ ಕೆರೆದುಕೊಂಡಳು. ಆಮೇಲೆ ಕೇಳಿದಳು. "ಮಗೂಗೆ ಎಣ್ಣೆ ಹಚ್ಚಿ ನೀರು ಹಾಕ್ತೀಯಲ್ಲ, ಆ ನೀರಿನ ಹಾಗಿದೆಯಾ?"

ಸ್ಫೂರ್ತಿ ಕಣ್ಣು ಮುಚ್ಚಿ ಮತ್ತೆ ಬೆರಳದ್ದಿದಳು. ಈ ಸಲ ಅವಳ ಮುಖದಲ್ಲಿ ಗೊಂದಲ ಇರಲಿಲ್ಲ. "ಅದಕ್ಕಿಂತ ಒಂಚೂರು ಜಾಸ್ತಿ. ಮಗು ಕಿರುಚ್ತದೆ, ಆದ್ರೆ ಅಳಲ್ಲ."

"ಹಾಕು ಹಾಗಾದ್ರೆ" ಎಂದು ಕಾಶಮ್ಮ ಹೆಪ್ಪಿನ ಡಬ್ಬಿ ಮುಂದಕ್ಕೆ ಸರಿಸಿದಳು.

ಬೆಳಿಗ್ಗೆ ಐದು ಡಬರಿಗಳಲ್ಲಿ ಮೊಸರು ಕೆನೆ ಕಟ್ಟಿ ನಿಂತಿತ್ತು. ಕಿಟಕಿಯ ಹತ್ತಿರದ ಆರನೆಯದು ಹಾಲಾಗಿಯೇ ಉಳಿದಿತ್ತು. ಅದು ಗಾಳಿಗೋ, ಸ್ಫೂರ್ತಿಯ ಬೆರಳು ಅಷ್ಟೊತ್ತಿಗೆ ಸೋತದ್ದಕ್ಕೋ, ಯಾರಿಗೂ ಗೊತ್ತಾಗಲಿಲ್ಲ. ಮಲ್ಲೇಶ ಅದನ್ನು ಪಾಯಸಕ್ಕೆ ಸುರಿದು, "ಮುಂದಿನ ಸಲವೂ ಇಬ್ರೂ ಬನ್ನಿ" ಎಂದ. ಆರುನೂರು ಎಲೆಗೆ ಮೊಸರನ್ನ ಬಿತ್ತು. ವೇದಾವತಿ ಪಂಕ್ತಿಯಲ್ಲಿ ನಿಂತು "ನಮ್ಮಕ್ಕನ ಕೈ" ಎಂದು ಹೇಳುತ್ತಿದ್ದಾಗ ಕಾಶಮ್ಮ ಅಲ್ಲೇ ಇದ್ದಳು. ಬೊಬ್ಬೆ ಎದ್ದ ಬೆರಳಿಗೆ ಸ್ಫೂರ್ತಿ ಮುಲಾಮು ಹಚ್ಚಿ ಬಟ್ಟೆ ಕಟ್ಟಿದ್ದಳು. ನಾಳೆಯೇ ಡಾಕ್ಟರ ಹತ್ತಿರ ಹೋಗುವುದೆಂದು ಮಗ ತೀರ್ಮಾನಿಸಿದ್ದ. ಅದೆಲ್ಲ ಸರಿ. ಆದರೆ ಕಾಶಮ್ಮನಿಗೆ ಹುಚ್ಚಮ್ಮ ಕ್ಯಾನು ಎತ್ತಿಕೊಂಡು ಹೋದ ಬೆನ್ನೇ ಕಣ್ಣ ಮುಂದೆ ನಿಂತಿತ್ತು.

ಸಂಜೆ ಶಿವಮೊಗ್ಗಕ್ಕೆ ಮರಳಿದವಳು ಸೊಸೆಯನ್ನು ಮನೆಗೆ ಕಳಿಸಿ ನೇರ ಹುಚ್ಚಮ್ಮನ ಮನೆಯ ಕಡೆ ನಡೆದಳು. ನಿನ್ನೆಯ ಮಳೆ ಸುಳ್ಳೆನ್ನುವ ಹಾಗೆ ಮತ್ತೆ ಸೆಖೆ. ಕೊಟ್ಟಿಗೆಯ ಮುಂದೆ ಓಬಯ್ಯ ಎಮ್ಮೆಗಳ ಮೈಮೇಲೆ ಬಕೆಟ್ಟಿನಿಂದ ನೀರು ಸುರಿಯುತ್ತಿದ್ದ. ಅವನ ಹಿಂದೆ, ಕೊಟ್ಟಿಗೆಯ ಗೋಡೆಗೆ ಒತ್ತಿ, ಮೂರು ಕಲ್ಲಿನ ಒಲೆಯ ಮೇಲೆ ಸಣ್ಣ ಪಾತ್ರೆಯಲ್ಲಿ ಅನ್ನ ಕುದಿಯುತ್ತಿತ್ತು. ಪಕ್ಕದಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ಚಾಪೆ. ಮನೆಯ ಬಾಗಿಲು ಹತ್ತು ಹೆಜ್ಜೆ ದೂರದಲ್ಲಿ ತೆರೆದೇ ಇತ್ತು, ಒಳಗೆ ಹುಚ್ಚಮ್ಮ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ಇದೇನು ಓಬಯ್ಯ, ಹೊರಗೆ ಒಲೆ ಹೂಡಿದ್ದೀಯ?"

"ಇಪ್ಪತ್ತೆರಡು ದಿನ ಆಯ್ತು." ಅವನು ನೀರು ಸುರಿಯುವುದನ್ನು ನಿಲ್ಲಿಸಲಿಲ್ಲ. "ಹಾಲಲ್ಲಿ ನೀರಿದೆ ಅಂತ ನೀವು ಅಂದ್ರಂತೆ. ಅವಳು ಬೆರೆಸಿಲ್ಲ, ಅದು ಅವಳಿಗೆ ಗೊತ್ತು. ಎಮ್ಮೆ ಕರೆಯೋನು ನಾನು. ಕಾಶಮ್ಮಾರು ಸುಳ್ಳು ಹೇಳೋರಲ್ಲ, ನೀನೇ ಬೆರೆಸಿರ್ಬೇಕು ಅಂದ್ಲು. ಅವಳ ಕೈಯಲ್ಲಿ ಹೇಗೆ ಉಣ್ಣಲಿ?"

ಕಾಶಮ್ಮ ಕೊಟ್ಟಿಗೆಯ ಕಂಬ ಹಿಡಿದುಕೊಂಡಳು. ತನ್ನ ಮಾತಿಗೆ ಇಷ್ಟು ಬೆಲೆ ಇದೆ ಎಂದು ಅವಳಿಗೆ ಗೊತ್ತಿರಲಿಲ್ಲ, ಗೊತ್ತಾಗಬಾರದ ಜಾಗದಲ್ಲಿ ಗೊತ್ತಾಯಿತು.

"ನಿಮ್ಮ ಹಾಲಲ್ಲಿ ನೀರಿರಲಿಲ್ಲ ಓಬಯ್ಯ. ನನ್ನ ಬೆರಳು ಸತ್ತುಹೋಗಿತ್ತು. ಹವಾ ಅಂದೆ, ಹಾಲು ಅಂದೆ, ನನ್ನ ಕೈ ಅಂತ ಮಾತ್ರ ಅನ್ನಲಿಲ್ಲ. ತಪ್ಪು ನಂದು. ನೀನು ಏನೂ ಬೆರೆಸಿರಲಿಲ್ಲ."

ಓಬಯ್ಯ ಬಕೆಟ್ಟು ಕೆಳಗಿಟ್ಟ. ಅವಳ ಬಟ್ಟೆ ಕಟ್ಟಿದ ಬೆರಳನ್ನೂ, ತೆರೆದ ಬಾಗಿಲನ್ನೂ ನೋಡಿದ.

"ಅದು ನಂಗೆ ಗೊತ್ತು ಕಾಶಮ್ಮಾರೆ," ಎಂದ. "ಅವಳಿಗೆ ಹೇಳಿ."